ಸೋಪಿನ ನೀರಿನ ಗುಳ್ಳೆ

ಆ ಗ್ಯಾಸ್ ಗೋದಾಮಿಗೆ ಇಬ್ಬರು ಮ್ಯಾನೇಜರುಗಳು. ಸಿಲಿಂಡರಿನ ಬಾಯಿಗೆ ಸೋಪಿನ ನೀರು ಹಚ್ಚಿ, ಗುಳ್ಳೆ ಎದ್ದರೆ ಸೋರುತ್ತಿದೆಯೆಂದು ಪಕ್ಕಕ್ಕಿಡುವುದು ಕೆಳಗಿನ ಕೆಲಸದವರ ಪಾಲಿನದು. ಆದರೆ ಹಿರಿಯ ಮ್ಯಾನೇಜರು ಹೆಂಡತಿ ಹಾಕಿದ ಬೀಗವನ್ನೂ ಎರಡು ಸಲ ಎಳೆದು ನೋಡುವ ಆಸಾಮಿ. ಹನ್ನೊಂದು ವರ್ಷ, ಕೆಲಸದವರು ಹಚ್ಚಿದ ಮೇಲೆ ತಾನೂ ಪ್ರತಿ ಸಿಲಿಂಡರಿಗೆ ಬಗ್ಗಿ, ಮತ್ತೆ ಹಚ್ಚಿ ನೋಡಿದ್ದ. ಸೊಂಟ ಬಿದ್ದುಹೋಗಿತ್ತು.

“ಅವರ ಕೆಲಸ ಅವರಿಗೆ ಬಿಡಿ ಸರ್,” ಎಂದು ಜೊತೆಯ ಮ್ಯಾನೇಜರಮ್ಮ ಹೇಳಿ ಹೇಳಿ ಸೋತಿದ್ದಳು.

“ಬಿಟ್ಟು ನೋಡಮ್ಮ, ಒಂದಿನ ಯಾರದಾದ್ರೂ ಮನೆಗೆ ಬೆಂಕಿ ಬೀಳುತ್ತೆ.”

ಸೊಂಟದ ಆಪರೇಷನ್ನಿಗೆಂದು ಅವನು ರಜೆ ಹಾಕಿದ ನಾಲ್ಕನೇ ದಿನವೇ ಬಿತ್ತು. ಇದೇ ಗೋದಾಮಿನಿಂದ ಹೋದ ಸಿಲಿಂಡರು ಸೋರಿ, ಒಬ್ಬ ಅಜ್ಜಿ ಅಡುಗೆಮನೆಯಲ್ಲೇ ಸುಟ್ಟುಹೋದಳು.

ಕೋಲೂರಿಕೊಂಡು ಬಂದವನು ಮ್ಯಾನೇಜರಮ್ಮನ ಕಡೆ ತಿರುಗಿಯೂ ನೋಡದೆ, ಆ ಸಿಲಿಂಡರನ್ನು ಪರೀಕ್ಷಿಸಿದ ಹೆಂಗಸಿನ ಮುಂದೆ ನಿಂತ. ಆರು ವರ್ಷದಿಂದ ಅಲ್ಲೇ ದುಡಿಯುತ್ತಿದ್ದವಳು.

“ಸೋಪಿನ ನೀರು ಹಚ್ಚಲಿಲ್ವಾ?”

“ಹಚ್ಚಿದ್ದೆ ಸರ್.”

“ಹಚ್ಚಿದ್ರೆ ಗುಳ್ಳೆ ಕಾಣಲಿಲ್ವಾ?”

ಅವಳು ಒದ್ದೆ ಕೈ ಸೆರಗಿಗೆ ಒರೆಸಿಕೊಂಡಳು.

“ನೋಡಲಿಲ್ಲ ಸರ್. ಇಷ್ಟು ವರ್ಷದಲ್ಲಿ ಒಂದು ದಿನಾನೂ ನೋಡಿಲ್ಲ. ನೋಡೋದು ನೀವಲ್ವಾ?”