ಯೋಗೀಶನ ಎಂಟು ಹಾಡು

ಯೋಗೀಶನ ಹಾಡುಗಳನ್ನು ತುಮಕೂರಿನ ದಿನಪತ್ರಿಕೆಯೊಂದರಲ್ಲಿ, ಹೆಸರು ಹಾಕಿಕೊಳ್ಳದೆ, ಹೀಗಳೆದು ಬರೆದವನು ನಾನು. ಹದಿಮೂರು ವರ್ಷ ಇದನ್ನು ಯಾರಿಗೂ ಹೇಳಿರಲಿಲ್ಲ — ಹೆಂಡತಿಗೂ, ನಮ್ಮ ಬ್ಯಾಂಡಿನ ಉಳಿದ ಇಬ್ಬರಿಗೂ. ಯೋಗೀಶನಿಗಂತೂ...

ಕಾಲೇಜಿನ ದಿನಗಳಲ್ಲಿ ನಾವು ನಾಲ್ವರು ಸೇರಿ ಒಂದು ರಾಕ್ ಬ್ಯಾಂಡ್ ಕಟ್ಟಿದ್ದೆವು. ನಾನು ಗಿಟಾರ್ ನುಡಿಸುತ್ತ ಹಾಡುತ್ತಿದ್ದೆ, ಯೋಗೀಶ ಡ್ರಮ್ಸ್. ಅಭ್ಯಾಸ ನಡೆಯುತ್ತಿದ್ದುದು ಗುಬ್ಬಿಯಲ್ಲಿ, ಅವನ ಮನೆಯ ಹಿಂದೆ ಕೊಬ್ಬರಿ ತುಂಬಿಡುತ್ತಿದ್ದ ಕೋಣೆಯಲ್ಲಿ. ಸದ್ದು ಬೀದಿಗೆ ಹೋಗದಿರಲೆಂದು ಅವನು ಗೋಡೆಗೆಲ್ಲ ಗೋಣಿಚೀಲ ಹೊಡೆದಿದ್ದ. ಕಾರ್ಯಕ್ರಮ ಮುಗಿದ ಮೇಲೆ ಜನ ಬಂದು ನನ್ನ ಕೈ ಕುಲುಕುತ್ತಿದ್ದರು. ಅವನು ಹಿಂದೆ ಒಬ್ಬನೇ ಸ್ಟ್ಯಾಂಡುಗಳನ್ನು ಬಿಚ್ಚಿ ಚೀಲಕ್ಕೆ ತುಂಬುತ್ತಿದ್ದ. ನನಗೆ ಅದೇ ಸರಿಯಾಗಿ ಕಾಣುತ್ತಿತ್ತು. ಡ್ರಮ್ಮರ್ ಎಂದರೆ ಲೆಕ್ಕ ತಪ್ಪದಂತೆ ಬಡಿಯುವವನು — ಅಷ್ಟೇ ಎಂದುಕೊಂಡಿದ್ದೆ.

ಬ್ಯಾಂಡ್ ಮುರಿದ ಎರಡು ವರ್ಷಕ್ಕೆ ಅವನು ಒಬ್ಬನೇ ಒಂದು ಸಿ.ಡಿ. ಮಾಡಿದ. ಎಂಟು ಹಾಡು, ಅವನೇ ಬರೆದದ್ದು, ಅವನೇ ಹಾಡಿದ್ದು. ನಾನಾಗ ಪಿಯು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತ, ಆ ಪತ್ರಿಕೆಗೆ ವಾರಕ್ಕೊಮ್ಮೆ ಸಂಗೀತದ ಅಂಕಣ ಬರೆಯುತ್ತಿದ್ದೆ. ಅದಕ್ಕೆ ಬರೆದವರ ಹೆಸರು ಇರುತ್ತಿರಲಿಲ್ಲ. ಬರೆಯುವವನು ನಾನೆಂದು ಸಂಪಾದಕರನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಯೋಗೀಶ ಒಂದು ಪ್ರತಿಯನ್ನು ಪತ್ರಿಕೆಯ ಕಚೇರಿಗೆ ಕೊಟ್ಟ. ಇನ್ನೊಂದನ್ನು ಶಿರಾ ಗೇಟಿನ ನನ್ನ ಬಾಡಿಗೆ ಕೋಣೆಗೇ ತಂದು ಕೈಗಿಟ್ಟ.

"ಕೇಳ್ಬುಟ್ಟು ಹೆಂಗೈತೆ ಹೇಳ್ಲಾ," ಅಂದ.

ಮೊದಲ ಹಾಡು ಕೇಳಿದೆ. ಎರಡನೆಯದು ಶುರುವಾಗುತ್ತಿದ್ದಂತೆ ನಿಲ್ಲಿಸಿದೆ. ಚೆನ್ನಾಗಿಲ್ಲವೆಂದಲ್ಲ. ಅವನು ನನ್ನನ್ನು ಹಾಡಲು ಕರೆದಿರಲಿಲ್ಲ — ಒಂದು ಮಾತಿಗಾದರೂ ಕೇಳಿರಲಿಲ್ಲ — ಅದೇ ಕಾರಣ. ಬೇರೆ ಕಾರಣ ಹುಡುಕಿದ್ದೇನೆ, ಸಿಕ್ಕಿಲ್ಲ. ಆ ಸಂಜೆಯೇ ಕೂತು ಎಂಟೂ ಹಾಡುಗಳ ಬಗ್ಗೆ ಬರೆದೆ. ತಾಳ ಕಾಯಬೇಕಾದವನು ಮುಂದೆ ಬಂದು ಹಾಡಿದರೆ ಎರಡೂ ಕೆಡುತ್ತವೆ ಎಂದೆ. ಬಡಿತದಲ್ಲಿ ಜೀವವಿಲ್ಲ, ದನಿಯಲ್ಲಿ ದಮ್ಮಿಲ್ಲ ಎಂದೆ.

ಅದು ಅಚ್ಚಾದ ಭಾನುವಾರ ಯೋಗೀಶ ಪತ್ರಿಕೆ ಹಿಡಿದುಕೊಂಡು ನನ್ನ ಕೋಣೆಗೆ ಬಂದ.

"ನಿಂಗೆ ಪೇಪರ್‌ನೋರೆಲ್ಲ ಗೊತ್ತಲ್ಲ. ಇದ್ನ ಯಾರ್ ಬರ್ದಿರ್ಬೋದ್ಲಾ ಪ್ರಸಾದ?"

"ಗೊತ್ತಿಲ್ಲ ಕಣೋ," ಅಂದೆ.

ಅವನು ಇನ್ನೊಮ್ಮೆ ಓದಿದ. ಬಯ್ಯುತ್ತಾನೆ ಎಂದುಕೊಂಡಿದ್ದೆ, ಬಯ್ಯಲಿಲ್ಲ. "ಯಾರೋ ಚೆನ್ನಾಗ್ ತಿಳ್ಕೊಂಡವ್ರೇ ಬರ್ದವ್ರೆ. ನಾವ್ ಮಾಡಿದ್ದು ನಮ್ಗೆ ಚೆಂದಾನೇ ಕಾಣುತ್ತೆ ನೋಡು. ಹೋಗ್ಲಿ ಬುಡು."

ಆಗ ಹೇಳಬಹುದಿತ್ತು. ಟೀ ಕುಡಿಯೋಣ ಬಾ ಅಂದೆ.

ಆಮೇಲೆ ಅವನು ಹಾಡು ಮಾಡಲಿಲ್ಲ. ಗುಬ್ಬಿಯಲ್ಲಿ ಪಂಪ್‌ಸೆಟ್ ಮೋಟಾರ್ ರಿಪೇರಿ ಅಂಗಡಿ ಹಾಕಿದ. ಮದುವೆ ಆರ್ಕೆಸ್ಟ್ರಾಗಳಲ್ಲಿ ಬೇರೆಯವರ ಹಾಡಿಗೆ ಡ್ರಮ್ಸ್ ನುಡಿಸುತ್ತ ಉಳಿದ. ನಾನು ಅವನನ್ನು ಭೇಟಿಯಾಗುವುದನ್ನು ಕಡಿಮೆ ಮಾಡುತ್ತ ಬಂದು, ಕೊನೆಗೆ ನಿಲ್ಲಿಸಿಬಿಟ್ಟೆ.

ಕಳೆದ ತಿಂಗಳು ಕುಣಿಗಲ್ಲಿನಲ್ಲಿ ಸಹೋದ್ಯೋಗಿಯೊಬ್ಬರ ಮಗಳ ಆರತಕ್ಷತೆ. ನಾನು ಕೆಳಗೆ ಊಟದ ಹಾಲಿನಲ್ಲಿ ಎಲೆಯ ಮುಂದೆ ಕೂತಿದ್ದೆ, ಮೇಲೆ ಆರ್ಕೆಸ್ಟ್ರಾ ನಡೆಯುತ್ತಿತ್ತು. ಹಾಡುವವಳು ಚರಣದ ಒಂದು ಸಾಲನ್ನೇ ಬಿಟ್ಟು ಮುಂದಕ್ಕೆ ಹೋದಳು — ಕೀಬೋರ್ಡ್ ಹಿಂದೆ ಉಳಿಯಿತು. ಡ್ರಮ್ಸ್ ಮಾತ್ರ ಆ ಕ್ಷಣವೇ ಅವಳನ್ನು ಹಿಡಿದು, ಸರಸರನೆ ಒಂದು ಚಿಕ್ಕ ರೋಲ್ ಬಾರಿಸಿ, ಕೀಬೋರ್ಡನ್ನೂ ಜೊತೆಗೆ ಎಳೆದುಕೊಂಡು ಬಂದುಬಿಟ್ಟಿತು. ಪಂಕ್ತಿಯಲ್ಲಿ ಯಾರಿಗೂ ಏನೂ ತಿಳಿಯಲಿಲ್ಲ. ನನಗೆ ಆ ಕೈ ಯಾರದೆಂದು ತಿಳಿಯಿತು. ಆದರೂ ಕೈ ತೊಳೆದು, ಮೇಲೆ ಹೋಗಿ ಬಾಗಿಲಲ್ಲಿ ನಿಂತು ನೋಡಿದೆ. ಯೋಗೀಶನೇ. ಅವನು ನನ್ನನ್ನು ನೋಡಲಿಲ್ಲ.

ಮರುದಿನ ಬೆಳಿಗ್ಗೆ ಆ ಸಿ.ಡಿ. ಹುಡುಕಿ ತೆಗೆದೆ. ಕ್ಯಾತ್ಸಂದ್ರದ ಈಗಿನ ನಮ್ಮ ಮನೆಯಲ್ಲಿ ಅದನ್ನು ಹಾಕಿ ಕೇಳಲು ಏನೂ ಇಲ್ಲ, ಹಳೆಯ ಕಾರಿನಲ್ಲಿ ಪ್ಲೇಯರ್ ಇದೆ. ಕಾರಿನಲ್ಲೇ ಕೂತು ಎಂಟನ್ನೂ ಕೇಳಿದೆ, ಮತ್ತೆ ಮೊದಲಿನಿಂದ ಕೇಳಿದೆ. ಮೂರನೆಯ ಹಾಡಿನಲ್ಲಿ ಮೊದಲ ಚರಣ ಮುಗಿಯುವವರೆಗೆ ಅವನು ಸಿಂಬಲ್ ತಟ್ಟೆಯ ಅಂಚನ್ನು ಮುಟ್ಟುತ್ತಾನೆ, ಅಷ್ಟೇ. ದೊಡ್ಡ ಪೆಟ್ಟು ಬೀಳಬೇಕಾದ ಜಾಗವನ್ನು ಖಾಲಿ ಬಿಡುತ್ತಾನೆ. ಕೇಳುವವನು ಆ ಪೆಟ್ಟಿಗಾಗಿ ಕಾಯುತ್ತ ಕಾಯುತ್ತ ಹಾಡಿನ ಒಳಗೇ ಹೋಗಿಬಿಟ್ಟಿರುತ್ತಾನೆ. ದನಿ ದೊಡ್ಡದಲ್ಲ, ನಿಜ. ಆದರೆ ಪ್ರತಿ ಮಾತೂ ತಾಳಕ್ಕಿಂತ ಕೂದಲೆಳೆಯಷ್ಟು ತಡವಾಗಿ ಬಂದು ಕೂರುತ್ತದೆ — ತಾಳ ಮೈಯಲ್ಲೇ ಇರುವವನು ಮಾತ್ರ ಹಾಗೆ ಹಾಡಬಲ್ಲ. ಆರನೆಯದು ಸೋತಿದೆ, ಸಾಹಿತ್ಯ ತೆಳು. ಉಳಿದ ಏಳರ ಪಕ್ಕ ನಾನು ಬ್ಯಾಂಡಿಗೆ ಬರೆದ ಯಾವ ಹಾಡನ್ನಿಟ್ಟರೂ... ನಿಲ್ಲುವುದಿಲ್ಲ. ನಮ್ಮ ಬ್ಯಾಂಡನ್ನು ನಡೆಸಿದವನು ಅವನು. ನಾನು ಮುಂದೆ ನಿಂತಿದ್ದೆ, ಅಷ್ಟೇ.

ಅಂದೇ ಮಧ್ಯಾಹ್ನ ಗುಬ್ಬಿಗೆ ಹೋದೆ. ಅಂಗಡಿಯಲ್ಲಿ ಮೋಟಾರಿಗೆ ತಂತಿ ಸುತ್ತುತ್ತ ಕೂತಿದ್ದ. ನಿಂತುಕೊಂಡೇ ಹೇಳಿದೆ, "ಅವತ್ತು ಪೇಪರಲ್ಲಿ ಬರ್ದಿದ್ದು ನಾನೇ ಕಣೋ."

ಅವನು ಕೈ ನಿಲ್ಲಿಸಲಿಲ್ಲ. "ಎಂಟೂ ಕೇಳಿದ್ಯಾ, ಆಗ?"

"ಇಲ್ಲ. ಒಂದೇ."

ಆಗ ನಿಲ್ಲಿಸಿದ. "ಬೈದಿದ್ಕೆ ಬೇಜಾರಿಲ್ಲ ಕಣ್ಲಾ. ಕೇಳ್ದಲೇ ಬರ್ದಲ್ಲ... ನಾನು ಇಷ್ಟ್ ವರ್ಸ ಅದ್ನ ನಿಜ ಅಂದ್ಕೊಂಡಿದ್ನಲ್ಲ."

ಈಗ ಪೂರ್ತಿ ಕೇಳಿದ್ದೇನೆ, ಮೂರನೆಯ ಹಾಡು ಎಂಥದ್ದೆಂದರೆ — ಎಂದು ಶುರುಮಾಡಿದೆ. ಅವನು ಕೈ ಅಡ್ಡ ಹಿಡಿದ.

"ಈಗೇನೂ ಹೇಳ್ಬ್ಯಾಡ. ಇನ್ನೊಂದ್ ಸಿ.ಡಿ. ಮಾಡಣ ಅಂತ ಒಂದ್ ನೋಟ್‌ಬುಕ್ ತುಂಬ ಬರ್ದಿಟ್ಟಿದ್ದೆ. ಅವತ್ತು ನಿನ್ ರೂಮಿಂದ ಬಂದವ್ನೇ ನೀರೊಲೆಗ್ ಹಾಕ್ದೆ. ಹೋಗು, ನಂಗೆ ಕೆಲ್ಸ ಐತೆ."

ಹೊರಗೆ ಬಂದೆ. ಕ್ಷಮೆ ಕೇಳಲು ಬಾಯಿ ಬರಲಿಲ್ಲ, ಇಲ್ಲಿಯೂ ಕೇಳುತ್ತಿಲ್ಲ. ಆ ನೋಟ್‌ಬುಕ್ಕಿನಲ್ಲಿ ಎಷ್ಟು ಹಾಡುಗಳಿದ್ದವೋ ನನಗೆ ತಿಳಿಯದು. ಒಂದೆರಡು ಸೋತವೂ ಇದ್ದಿರಬಹುದು. ಕೇಳಿ ಅಷ್ಟಾದರೂ ಹೇಳುವ ಅವಕಾಶ ಯಾರಿಗೂ ಇಲ್ಲದಂತೆ ಮಾಡಿದವನು ನಾನು.