ಟೊರಾಂಟೊಗೆ ಹೋಗಿ ಬಂದವರ ಟೋಪಿ

ಗೆಳೆಯರೇ, ಅಮೆರಿಕದ ಬ್ಯಾಲಂಟೈನಿನ ನಮ್ಮ ಕನ್ನಡಿಗರ ಫುಟ್‌ಬಾಲ್ ಕ್ಲಬ್ಬಿನ ಐವರಿಗೆ ಇಂದು ಮಧ್ಯಾಹ್ನ ‘ಇಂಟರ್‌ನ್ಯಾಷನಲ್ ಕ್ಯಾಪ್’ ಸಿಕ್ಕಿತು! ಕ್ಯಾಪ್ ಎಂದರೆ ದೇಶದ ತಂಡಕ್ಕೆ ಆಡಿದ ಗೌರವ ಎಂದು ಇಷ್ಟು ವರ್ಷ ನಂಬಿದ್ದ ನಾನು ಬೆರಗಾಗಿ ಅಧ್ಯಕ್ಷರನ್ನು ಕೇಳಿದೆ, “ಯಾವ ದೇಶಕ್ಕೆ ಆಡಿದರು?”

“ದೇಶಕ್ಕಲ್ಲ ಸಾರ್, ಟೊರಾಂಟೊದಲ್ಲಿ ಟೂರ್ನಮೆಂಟ್ ಆಡಿ ಬಂದ್ರಲ್ಲ. ಬಾರ್ಡರ್ ಕ್ರಾಸ್ ಮಾಡಿದ್ರೆ ಇಂಟರ್‌ನ್ಯಾಷನಲ್ ತಾನೇ?” ಎಂದವರೇ ಹಳದಿ ಟೋಪಿಗಳ ಪೆಟ್ಟಿಗೆ ತೆರೆದರು. ಅಲ್ಲಿ ಇವರು ಒಂದು ಪಂದ್ಯವನ್ನೂ ಗೆದ್ದಿರಲಿಲ್ಲ.

ಟೋಪಿ ತೊಡಿಸಲು ವೇದಿಕೆಗೆ ಕರೆದದ್ದು, ಮಗನ ಮನೆಗೆ ಬಂದಿರುವ ಇಕ್ಬಾಲ್ ಸಾಹೇಬರನ್ನು. “ಅಂಕಲ್‌ಗೆ ಫುಟ್‌ಬಾಲ್ ಅಂದ್ರೆ ತುಂಬಾ ಇಷ್ಟ” ಎಂಬುದಷ್ಟೇ ಪರಿಚಯ. ಬೆಂಗಳೂರಿನ ಕ್ಲಬ್ಬೊಂದರಿಂದ ಆಯ್ಕೆಯಾಗಿ ಭಾರತಕ್ಕೆ ಆಡಿದವರು ಅವರು. ಅವರ ಆಟ ನೋಡಲು ನಾವು ಶಾಲೆ ತಪ್ಪಿಸಿ ಸಿಮೆಂಟಿನ ಗ್ಯಾಲರಿಯಲ್ಲಿ ಬಿಸಿಲಿಗೆ ಕೂರುತ್ತಿದ್ದೆವು. ಇದನ್ನೆಲ್ಲ ಹೋದ ವಾರವೇ ಅಧ್ಯಕ್ಷರಿಗೆ ಹೇಳಿದ್ದೆ.

ತಡೆಯಲಾರದೆ ಎದ್ದುನಿಂತು ಎಲ್ಲರಿಗೂ ಕೇಳುವಂತೆ ಅದನ್ನೇ ಹೇಳಿದೆ. ಮುಂದಿನ ಸಾಲಿನಲ್ಲಿದ್ದ ಸಾಹೇಬರ ಮೊಮ್ಮಗಳು ಬಾಯಿ ತೆರೆದುಕೊಂಡು ಅಜ್ಜನನ್ನೇ ನೋಡಿದಳು. ಅವಳಿಗೂ ಯಾರೂ ಹೇಳಿರಲಿಲ್ಲ.

ಅಧ್ಯಕ್ಷರು ಮಾತ್ರ, “ಹೌದಾ ಅಂಕಲ್? ನಿಮ್ಮ ಕ್ಯಾಪ್ ತಂದಿದ್ರೆ ಒಂದು ಫೋಟೊ ತೆಗೀಬಹುದಿತ್ತು!” ಎಂದರು.

ಸಾಹೇಬರು ನಕ್ಕರು. “ನಮ್ಗೆ ಯಾರೂ ಟೋಪಿ ಹಾಕ್ಲಿಲ್ಲಪ್ಪ. ಆಡ್ಸಿದ್ರು, ಅಷ್ಟೆ.”

ಸಭೆಯೆಲ್ಲ ನಕ್ಕಿತು. ಅಧ್ಯಕ್ಷರೂ ನಕ್ಕರು, ಅರ್ಥವಾಗದೆ. ಆಮೇಲೆ ಪೆಟ್ಟಿಗೆಯಲ್ಲಿ ಉಳಿದಿದ್ದ ಟೋಪಿಯನ್ನು ತಾವೇ ಹಾಕಿಕೊಂಡರು. ಟೊರಾಂಟೊಗೆ ವ್ಯಾನ್ ಡ್ರೈವ್ ಮಾಡಿದ್ದು ಅವರೇ ಅಂತೆ.