ಎರಡೆರಡು ಸಲ ಓದಿದ ಪಾಠಗಳು

ಚರಿತ್ರೆಯ ಕೊನೆಯ ಪಾಠವನ್ನು ಮೈಕಿಗೆ ಓದಿ ಮುಗಿಸಿ ಉಳಿಸಲು ಹೋದರೆ, ಡಿಸ್ಕಿನಲ್ಲಿ ಜಾಗ ಇಲ್ಲ ಎಂದು ಕಂಪ್ಯೂಟರು ಹೇಳಿತು. ಜಾಗ ತೋರಿಸುವ ಪಟ್ಟಿ ತುದಿಯವರೆಗೂ ಕೆಂಪಾಗಿತ್ತು. ಮುಕ್ಕಾಲು ಗಂಟೆ ಓದಿದ್ದು ಹಾಗೆಯೇ ಹೋಯಿತು. ಅದು ಶುಕ್ರವಾರ. ಮರುದಿನ ಹುಡುಗಿ ಬರುವವಳಿದ್ದಳು, ಸೋಮವಾರ ಅವಳ ಪರೀಕ್ಷೆ.

ಹುಡುಗಿ ಕಾರ್ಕಳದವಳು. ಉಡುಪಿಯ ಕಾಲೇಜಿನಲ್ಲಿ ಬಿ.ಎ. ಕೊನೆಯ ವರ್ಷ, ವಾಸ ಮಣಿಪಾಲದ ಹಾಸ್ಟೆಲಿನಲ್ಲಿ. ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಪುಸ್ತಕದ ಫೋಟೋ ತೆಗೆದರೆ ಅವಳ ಫೋನು ಓದಿ ಹೇಳುತ್ತದಾದರೂ ಕನ್ನಡದ ಒತ್ತಕ್ಷರಗಳನ್ನೆಲ್ಲ ನುಂಗಿಬಿಡುತ್ತದೆ. ನನ್ನ ಹಳೆಯ ಕಾನ್ವೆಂಟ್ ಶಾಲೆಯ ಸಭೆಯೊಂದರಲ್ಲಿ ವಯಸ್ಸಾದ ಸಿಸ್ಟರ್ ಒಬ್ಬರು ಅವಳ ವಿಷಯ ಹೇಳಿ, "ಗಟ್ಟಿಯಾಗಿ ಓದಲು ಯಾರಿಗೆ ಪುರುಸೊತ್ತು ಉಂಟು?" ಎಂದು ಕೇಳಿದರು. ಯೋಚಿಸುವ ಮೊದಲೇ ನನ್ನ ಕೈ ಮೇಲಾಗಿತ್ತು. ಅಲ್ಪವಿರಾಮಕ್ಕೆ ಮನಸ್ಸಿನಲ್ಲೇ ಒಂದು, ಪೂರ್ಣವಿರಾಮಕ್ಕೆ ಎರಡು ಎಣಿಸಿ ಓದುವುದನ್ನು ಅವರೇ ನಮಗೆ ಕಲಿಸಿದ್ದು.

ಅದರಿಂದಾಗಿ ಉದ್ಯಾವರದ ನಮ್ಮ ಮನೆಯಲ್ಲಿ ಬೆಳಗ್ಗಿನ ಕೆಲಸ ಮುಗಿದ ಮೇಲೆ ನಾನು ಮೈಕು ಸಿಕ್ಕಿಸಿಕೊಂಡು ಪಾಠ ಓದುತ್ತಿದ್ದೆ. ಹುಡುಗಿ ಆಗಾಗ ಬಂದು, ಓದಿ ಆದದ್ದನ್ನು ಫೋನಿನ ಮೆಮೊರಿ ಕಾರ್ಡಿಗೆ ತುಂಬಿಸಿಕೊಂಡು ಹೋಗುತ್ತಿದ್ದಳು. ಪರೀಕ್ಷೆ ಹತ್ತಿರ ಬಂದಾಗ ಬಸ್ಸಿನ ನೂಕುನುಗ್ಗಲಿನಲ್ಲಿ ಆ ಫೋನು ಕಳೆದುಹೋಯಿತು. ಕಾರ್ಡೂ ಅದರೊಳಗೇ. ಇನ್ನು ಅವಳ ಪಾಠಗಳು ಇದ್ದದ್ದು ನನ್ನ ಕಂಪ್ಯೂಟರಿನಲ್ಲಿ ಮಾತ್ರ.

ಆ ಕಂಪ್ಯೂಟರಾದರೋ ನೆಂಟರೆಲ್ಲರ ಅಟ್ಟ. ಮದುವೆ, ಸೀಮಂತ, ಗೃಹಪ್ರವೇಶ, ಯಾವುದರ ವೀಡಿಯೊ ಬಂದರೂ "ನಿಮ್ಮಲ್ಲಿ ಒಂದು ಪ್ರತಿ ಇರಲಿ" ಎಂದು ತಂದು ತುಂಬಿಸುತ್ತಾರೆ. ಎಲ್ಲಕ್ಕಿಂತ ದೊಡ್ಡದು ಕಾಪುವಿನ ನನ್ನ ನಾದಿನಿಯ ಗೃಹಪ್ರವೇಶದ್ದು. ಅದರಲ್ಲಿ ಒಂದು ಇಡೀ ಭಾಗ ಬರೀ ಊಟದ ಪಂಕ್ತಿ. ಕೇಳದೆ ಅಳಿಸುವುದು ಸರಿಯಲ್ಲವೆಂದು ಫೋನು ಮಾಡಿದೆ.

"ಊಟದ್ದು ಮಾತ್ರ ತೆಗೆಯುತ್ತೇನೆ, ಆಗಬಹುದಾ?"

"ಅಯ್ಯೋ, ಅದು ಬೇಡ ಅತ್ತಿಗೆ. ಹೋಮದ್ದು ಬೇಕಾದರೆ ತೆಗೆಯಿರಿ, ಅದರಲ್ಲಿ ಬರೀ ಹೊಗೆ. ಊಟದ್ದರಲ್ಲಿ ಅಲ್ವಾ ಎಲ್ಲರ ಮುಖ ಕಾಣುವುದು?"

"ನಿನ್ನ ಹತ್ತಿರ ಇನ್ನೊಂದು ಇಲ್ವಾ?"

"ಉಂಟು. ಎಲ್ಲಿ ಉಂಟು ಅಂತ ಗೊತ್ತಿಲ್ಲ."

ಹೋಮ ತೆಗೆಯಲು ನನಗೆ ಮನಸ್ಸು ಬರಲಿಲ್ಲ. ಶನಿವಾರ ಬೆಳಿಗ್ಗೆ, ಪರರದ್ದು ಯಾಕೆ, ನನ್ನದನ್ನೇ ತೆಗೆಯೋಣ ಎಂದುಕೊಂಡು ನನ್ನ ಕಡತಗಳನ್ನು ತೆರೆದೆ.

ಅಲ್ಲಿ ಪ್ರತಿ ಪಾಠವೂ ಎರಡೆರಡು ಇತ್ತು. ಕಾನ್ವೆಂಟಿನಲ್ಲಿ ನಾವು ಮೊದಲು ಪೆನ್ಸಿಲಿನಲ್ಲಿ ರಫ್ ಪುಸ್ತಕಕ್ಕೆ ಬರೆದು, ತಿದ್ದಿಸಿಕೊಂಡು, ಆಮೇಲೆ ಶಾಯಿಯಲ್ಲಿ ಫೇರ್ ಪುಸ್ತಕಕ್ಕೆ ಇಳಿಸಬೇಕಿತ್ತು. ಆ ಅಭ್ಯಾಸ ಇನ್ನೂ ಬಿಟ್ಟಿಲ್ಲ. ಮೊದಲ ಸಲ ಓದಿದ್ದನ್ನು ಹುಡುಗಿಗೆ ಬೇಗ ಬೇಕೆಂದು ಹಾಗೆಯೇ ಕೊಟ್ಟುಬಿಡುತ್ತಿದ್ದೆ. ಅದು ರಫ್. ಅದರಲ್ಲಿ ಕುಕ್ಕರಿನ ಸೀಟಿ, ಮೀನಿನ ಗಾಡಿಯ ಹಾರ್ನ್, ನನ್ನ ಕೆಮ್ಮು, ಎಲ್ಲ ಉಂಟು. ಆಮೇಲೆ ಕಿಟಕಿ ಮುಚ್ಚಿ, ಫ್ಯಾನು ನಿಲ್ಲಿಸಿ, ಬೆವರುತ್ತಾ ಇನ್ನೊಮ್ಮೆ ಓದಿ, ಧ್ವನಿ ಚೆನ್ನಾಗಿರಲೆಂದು ದೊಡ್ಡ ಗಾತ್ರದಲ್ಲಿ ಉಳಿಸುತ್ತಿದ್ದೆ. ಅದು ಫೇರ್. ಕೊನೆಗೆ ಎಲ್ಲವನ್ನೂ ಒಟ್ಟಿಗೆ ಕೊಡೋಣವೆಂದಿದ್ದೆ. ರಫ್ ಇನ್ನೇಕೆ ಎಂದು ಅದನ್ನು ಇಡಿಯಾಗಿ ಅಳಿಸಿದೆ. ಪಟ್ಟಿ ಮಾತ್ರ ಕೆಂಪಾಗಿಯೇ ಇತ್ತು. ಯಾಕೆಂದು ತಿಳಿಯುವ ಮೊದಲೇ ಬಾಗಿಲು ಬಡಿದ ಸದ್ದು.

ಹುಡುಗಿ ಹೊಸ ಫೋನು ಹಿಡಿದುಕೊಂಡು ಬಂದಿದ್ದಳು. ಚಾ ಕೊಟ್ಟು, ಫೇರ್ ಪಾಠವೊಂದನ್ನು ಹೆಮ್ಮೆಯಿಂದ ಹಾಕಿದೆ. ಅವಳು ತಲೆ ಒಂದು ಕಡೆಗೆ ವಾಲಿಸಿ ಸ್ವಲ್ಪ ಹೊತ್ತು ಕೇಳಿದಳು.

"ಆಂಟಿ, ಇದು ಯಾರು ಓದಿದ್ದು?"

"ನಾನೇ."

"ನೀವು ಅಲ್ಲ. ಇವರು ರೇಡಿಯೊದಲ್ಲಿ ವಾರ್ತೆ ಓದುವವರು." ನಕ್ಕಳು. "ನನಗೆ ಮೊದಲಿನದ್ದೇ ಬೇಕು. ಫ್ರಾನ್ಸಿನ ಕ್ರಾಂತಿಯ ಕಾರಣಗಳನ್ನು ಹೇಳುವಾಗ ಕುಕ್ಕರ್ ಮೂರು ಸೀಟಿ ಹಾಕುತ್ತದೆ. ಒಂದೊಂದು ಸೀಟಿಗೆ ಒಂದೊಂದು ಕಾರಣ. ಮೀನಿನ ಗಾಡಿ ಬಂದ ಮೇಲೆ ಪರಿಣಾಮಗಳು. ನಾನು ಹಾಗೆ ಕಲಿತದ್ದು. ಇದರಲ್ಲಿ ಯಾವುದು ಎಲ್ಲಿ ಮುಗಿಯಿತು ಅಂತ ಗೊತ್ತೇ ಆಗುವುದಿಲ್ಲ."

"ಅದನ್ನು ಈಗಷ್ಟೇ ಅಳಿಸಿದೆ," ಎಂದೆ.

ಅವಳು ಚಾದ ಲೋಟವನ್ನು ಕೈಯಿಂದ ಮೇಜು ಹುಡುಕಿ ಮೆಲ್ಲ ಇಟ್ಟಳು. "ಪರವಾಗಿಲ್ಲ ಆಂಟಿ, ಇದನ್ನೇ ಕೇಳುತ್ತೇನೆ. ಎರಡು ದಿನ ಉಂಟಲ್ಲ," ಎಂದಳು. ಅಷ್ಟು ಸಮಾಧಾನದಿಂದ ಅವಳು ಹೇಳಿದ್ದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ. ಉಡುಪಿಯ ಅಂಗಡಿಯಲ್ಲಿದ್ದ ನನ್ನ ಗಂಡನಿಗೆ ಫೋನು ಮಾಡಿದೆ.

"ಅಳಿಸಿದ ಮೇಲೆ ಜಾಗ ಹೆಚ್ಚಾಯಿತಾ?" ಎಂದು ಕೇಳಿದರು.

"ಇಲ್ಲ. ಅದೇ ಕೆಂಪು."

"ಹಾಗಾದರೆ ಎಲ್ಲಿಗೂ ಹೋಗಲಿಲ್ಲ ಮಾರಾಯ್ತಿ. ಬುಟ್ಟಿಗೆ ಹಾಕಿದ್ದೀ, ಬುಟ್ಟಿ ಖಾಲಿ ಮಾಡಲಿಲ್ಲ. ಪರದೆಯ ಮೂಲೆಯಲ್ಲಿ ಕೂತಿದೆ ನೋಡು. ಅಡುಗೆಮನೆಯ ಕಸವನ್ನು ಮಾತ್ರ ಬೆಳಗಾಗುವ ಮೊದಲೇ ಹೊರಗೆ ಇಡುತ್ತೀ."

ಬುಟ್ಟಿ ತೆರೆದೆ. ಎಲ್ಲ ಪಾಠಗಳೂ ಅದೇ ಹೆಸರಿನಲ್ಲಿ, ಅದೇ ಸಾಲಿನಲ್ಲಿ ಇದ್ದವು. ಒಂದೊಂದಾಗಿ ವಾಪಸು ಹಾಕುತ್ತಾ ಹೋದೆ. ಕ್ರಾಂತಿಯ ಪಾಠವನ್ನು ಹಾಕಿ ಕೇಳಿಸಿದೆ. ಮೊದಲ ಸೀಟಿ ಬಂದಾಗ ಹುಡುಗಿಯ ಬೆರಳು ತಾನಾಗಿ ಮೇಲೆದ್ದಿತು. ಕಾರಣವನ್ನು ಅವಳು ನನ್ನ ಧ್ವನಿಗಿಂತ ಮೊದಲೇ ಹೇಳಿ ಮುಗಿಸಿದಳು.

"ಇನ್ನು ಆ ವಾರ್ತೆಯವರನ್ನು ತೆಗೆಯಿರಿ," ಎಂದಳು.

ಬೆವರು ಸುರಿಸಿ ಓದಿದ ಒಂದು ವರ್ಷದ ಫೇರ್. ಒಮ್ಮೆ ನೋಡಿದೆ. ಅವಳು ಈಗ ಕೇಳಿದ ಚೂರು ಬಿಟ್ಟರೆ, ನಾನಲ್ಲದೆ ಯಾರೂ ಅದನ್ನು ಕೇಳಿದ್ದಿಲ್ಲ. ಅಳಿಸಿದೆ, ಈ ಸಲ ಬುಟ್ಟಿಯನ್ನೂ ಖಾಲಿ ಮಾಡಿದೆ. ಕೆಂಪು ಹೋಗಿ ಪಟ್ಟಿ ನೀಲಿಯಾಯಿತು, ಬಲಗಡೆ ಅಂಗೈಯಷ್ಟು ಬಿಳಿ ಜಾಗ ತೆರೆದುಕೊಂಡಿತು. ನಾದಿನಿಯ ಪಂಕ್ತಿಯವರು ಎಲೆಯ ಮುಂದೆ ಕೂತಲ್ಲೇ ಕೂತಿದ್ದರು, ಅವರನ್ನು ಎಬ್ಬಿಸುವ ಅಗತ್ಯವೇ ಬರಲಿಲ್ಲ.

ಕೊನೆಯ ಪಾಠವನ್ನು ಅವಳೆದುರೇ ಓದಿದೆ. ಎದುರಿಗೆ ಒಬ್ಬರು ಕೂತು ಕೇಳುವಾಗ ಓದುವುದೇ ಬೇರೆ, ಅಲ್ಪವಿರಾಮಕ್ಕೆ ಎಣಿಸಲು ಮರೆತೇಹೋಯಿತು. ನಡುವೆ ಪಕ್ಕದ ಮನೆಯ ತೋಟದಲ್ಲಿ ಕಾಯಿ ಕೀಳುವವನು ಇಡೀ ಗೊನೆಯನ್ನೇ ದಡಕ್ಕನೆ ಬೀಳಿಸಿದ. ನಾನು ನಿಲ್ಲಿಸಲು ಹೋದೆ. ಮುಂದೆ ಓದಿ ಎಂದು ಅವಳು ಕೈಸನ್ನೆ ಮಾಡಿದಳು. ಪಾಠ ಒಂದೇ ಸಲಕ್ಕೆ ಉಳಿಯಿತು, ಎಲ್ಲವನ್ನೂ ಅವಳ ಹೊಸ ಫೋನಿಗೆ ತುಂಬಿಸಿದೆ. ಸಂಜೆ ಬಸ್ಸು ಹತ್ತಿಸುವಾಗ ಅವಳ ಕಿವಿಯಲ್ಲಿ ಆಗಲೇ ಇಯರ್‌ಫೋನು ಇತ್ತು. ನಾನು ಹೇಳಿದ "ಜಾಗ್ರತೆ" ಕೇಳಿಸಿತೋ ಇಲ್ಲವೋ.

ಸೋಮವಾರ ಮಧ್ಯಾಹ್ನವಿಡೀ ಫೋನನ್ನು ಸೆರಗಿನಲ್ಲೇ ಇಟ್ಟುಕೊಂಡು ಓಡಾಡಿದೆ. ನಾಲ್ಕರ ಹೊತ್ತಿಗೆ ಕರೆ ಬಂತು. ಪರೀಕ್ಷೆಯಲ್ಲಿ ಅವಳು ಹೇಳಿದ್ದನ್ನು ಬರೆಯಲು ಪಿ.ಯು.ಸಿ.ಯ ಹುಡುಗಿಯೊಬ್ಬಳು ಕೂರುತ್ತಾಳೆ.

"ಬರೆದವಳ ಕೈ ನೋಯಿತಂತೆ ಆಂಟಿ," ಎಂದಳು. "ಅಕ್ಕಾ, ಇಷ್ಟೆಲ್ಲಾ ಹೇಳಲೇಬೇಕಾ ಅಂತ ಕೇಳಿದಳು. ಹೇಳದೆ ಬಿಡುವುದು ಹೇಗೆ? ಬೆಲ್ ಹೊಡೆಯುವಾಗಲೂ ನನ್ನ ಹತ್ತಿರ ಹೇಳಲು ಇನ್ನೂ ಇತ್ತು."

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿಕೊಂಡೆ. ಅವಳೇ ಮುಂದುವರಿಸಿದಳು.

"ಎಂ.ಎ. ಮಾಡುವುದು ಅಂತ ಮಾಡಿದ್ದೇನೆ. ಅಲ್ಲಿ ಪುಸ್ತಕ ತುಂಬಾ ದಪ್ಪ. ಎಂತ ಮಾಡುತ್ತೀರಿ?"

"ಓದುತ್ತೇನೆ," ಎಂದೆ.